ಒಂದು ಪದಕ್ಕೆ ನಾನು ಹೇಳಿದ ಅರ್ಥ

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಮಾನದಿಂದ ಇಳಿದಾಗ ಮೇ ತಿಂಗಳಲ್ಲೂ ಶಾಲು ಹೊದೆಯಬೇಕಾಯಿತು. ಎಂಬತ್ತರ ದಶಕದ ನಡುಭಾಗ ಅದು. ತಂಗಿ ಸುಧಾಳ ಅಪಾರ್ಟ್‌ಮೆಂಟು ಅಲ್ಲಿಂದ ಕಾರಿನಲ್ಲಿ ಕಾಲು ಗಂಟೆ ದೂರದ ಸ್ಯಾನ್ ಮಟಿಯೋದಲ್ಲಿತ್ತು. ತೊಗರಿಬೇಳೆ ಸಿಗಲಿಲ್ಲವೆಂದು ಬಟಾಣಿಬೇಳೆಯಲ್ಲಿ ಸಾರು ಮಾಡಿದ್ದಳು. ಅವಳ ಗಂಡ ಪ್ರಕಾಶ ಮೆನ್ಲೋ ಪಾರ್ಕಿನಲ್ಲಿ ಎಂಜಿನಿಯರ್. ನಾನು ಮೈಸೂರಿನ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಇಂಗ್ಲಿಷ್ ಪಾಠ ಮಾಡುತ್ತಿದ್ದವಳು.

ಮೂರನೆಯ ದಿನ ಮಧ್ಯಾಹ್ನ ಪ್ರಕಾಶನ ಆಫೀಸಿನಿಂದ ಫೋನು ಬಂತು. ಮಾತಾಡಿದವನು ಅವನ ಜೊತೆ ಕೆಲಸ ಮಾಡುವ ಕೆವಿನ್, ಆಸ್ಟ್ರೇಲಿಯಾದವನು. ಫೋನೆತ್ತಿದ್ದ ಸುಧಾ ಅವನ ಮಾತು ಮುಗಿಯುವ ಮೊದಲೇ ರಿಸೀವರ್ ಇಟ್ಟುಬಿಟ್ಟಳು.

“ಅಕ್ಕ, ಪ್ರಕಾಶ್ ಈಸ್ ಕ್ರುಕ್, ವೆರಿ ಕ್ರುಕ್ ಅಂದ. ಕ್ರುಕ್ ಅಂದ್ರೆ ಅದೇ ತಾನೆ?”

“ಮೋಸಗಾರ ಅಂತ ಕಣೇ. ವಂಚಕ,” ಎಂದೆ. ನನಗೆ ಅನುಮಾನವೇ ಬರಲಿಲ್ಲ.

ಸುಧಾ ಕಾರ್ಪೆಟ್ಟಿನ ಮೇಲೆಯೇ ಕುಸಿದು ಕುಳಿತಳು. ಮತ್ತೆ ಫೋನು ಹೊಡೆದುಕೊಂಡಿತು. “ಎತ್ಬೇಡ ಅಕ್ಕ, ಪೊಲೀಸ್ನೋರಿರ್ತಾರೆ!” ಎಂದು ನನ್ನ ಕೈ ಹಿಡಿದಳು. ಅದು ನಿಲ್ಲುವವರೆಗೂ ಇಬ್ಬರೂ ಅದನ್ನೇ ನೋಡುತ್ತಾ ಕೂತೆವು. ಎರಡು ಗಂಟೆಯ ಮೇಲೆ ಮೂರನೆಯ ಸಲ ಬಂದಾಗ ತಡೆಯಲಾರದೆ ನಾನೇ ಎತ್ತಿದೆ. ಆಸ್ಪತ್ರೆಯ ನರ್ಸು. ಪ್ರಕಾಶನ ಅಪೆಂಡಿಕ್ಸ್ ಒಡೆದಿದೆ, ಆಪರೇಷನ್ನಿಗೆ ಕರೆದೊಯ್ಯುತ್ತಿದ್ದೇವೆ, ಹೆಂಡತಿ ಎಲ್ಲಿ ಎಂದು ಕೇಳುತ್ತಲೇ ಇದ್ದಾರೆ ಎಂದಳು.

ಆಸ್ಪತ್ರೆಯಿದ್ದ ರೆಡ್‌ವುಡ್ ಸಿಟಿಗೆ ಎಂಟು ಮೈಲಿ. ಫ್ರೀವೇಯಲ್ಲಿ ಸುಧಾ ಮುಂದಿದ್ದ ಕಾರುಗಳನ್ನೆಲ್ಲ ಹಿಂದೆ ಹಾಕುತ್ತಾ ಓಡಿಸಿದಳು. ನಾವು ಹೋಗುವಷ್ಟರಲ್ಲಿ ಅವನನ್ನು ಒಳಗೆ ಕರೆದೊಯ್ದಿದ್ದರು. ಹೊರಗೆ ಕೂತಿದ್ದ ಕೆವಿನ್ ಎದ್ದು ಬಂದು, “ಶೀ ವಿಲ್ ಬಿ ರೈಟ್” ಎಂದ.

“ಶೀ ಯಾರು? ಯಾರವಳು?” ಎಂದು ಸುಧಾ ಕನ್ನಡದಲ್ಲೇ ಚೀರಿದಳು.

ನಾನು ಇಂಗ್ಲಿಷಿನಲ್ಲಿ ಕೇಳಿದೆ. ಅವನು ಬೆಪ್ಪಾದ. ಎಲ್ಲ ಸರಿಹೋಗುತ್ತದೆ ಅನ್ನುವುದಕ್ಕೆ ತಮ್ಮ ಕಡೆ ಹಾಗನ್ನುತ್ತಾರಂತೆ. ಹಾಗಾದರೆ ಕ್ರುಕ್? ಕಾಯಿಲೆ ಬಿದ್ದವನು ಎಂದ. ಪಾಪ, ಅವನು ಮೊದಲ ಫೋನಿನಲ್ಲೇ ಹೇಳಿದ್ದ.

ಪ್ರಕಾಶ ಉಳಿದ. ಎರಡು ದಿನದ ಮೇಲೆ ಅವನ ಮಂಚದ ಪಕ್ಕ ನಿಂತು ನಡೆದದ್ದನ್ನೆಲ್ಲ ಹೇಳಿ, “ತಪ್ಪು ನಂದು” ಎಂದೆ.

ಅವನು ಸುಧಾಳನ್ನೇ ನೋಡುತ್ತಿದ್ದ. “ನೀವು ಅರ್ಥ ಹೇಳಿದ್ರಿ ಅತ್ತಿಗೆ, ಅಷ್ಟೇ. ನಂಬಿದ್ದು ಇವಳು.”



ತಿಂಗಳ ಕೊನೆಗೆ ನಾನು ಹೊರಟಾಗ ಇಬ್ಬರೂ ಏರ್‌ಪೋರ್ಟಿಗೆ ಬಂದಿದ್ದರು. ಒಳಗೆ ಹೋಗುವ ಮುನ್ನ ತಿರುಗಿ ನೋಡಿದೆ. ಸುಧಾ ಕೈ ಬೀಸುತ್ತಿದ್ದಳು. ಪ್ರಕಾಶನೂ ಬೀಸುತ್ತಿದ್ದ, ಅವಳಿಂದ ನಾಲ್ಕು ಹೆಜ್ಜೆ ಆಚೆ ನಿಂತು.