ರಾಚವ್ವ ಕೊಟ್ಟ ಉತ್ತರ

ರಾಚವ್ವನನ್ನು ನಾನು ಮೊದಲು ಕಂಡದ್ದು ನಾನು ಪಾಠ ಹೇಳುತ್ತಿದ್ದ ಕಾಂದಿವಲಿಯ ಕನ್ನಡ ಶಾಲೆಯ ಬಾಗಿಲಲ್ಲಿ. ತಲೆಯ ತುಂಬ ಸಿಮೆಂಟಿನ ಧೂಳು. ಕೈಯಲ್ಲಿ ಆರನೆಯ ತರಗತಿಯ ಮಗಳು ಮಾಧುರಿಯ ರಟ್ಟೆ.

"ಅಕ್ಕೋರ, ನಾಳಿಂದ ಈಕಿ ಸಾಲಿಗಿ ಬರಂಗಿಲ್ರಿ. ಇಟ್ಟಂಗಿ ಹೊರಾಕ ಕರಕೊಂಡು ಬಾ ಅಂದಾನ ಇವರಪ್ಪ."

ಹೇಳಿ ಮುಗಿಸಿದವಳು ಹೋಗಲಿಲ್ಲ. ಇನ್ನೂ ಏಕೆ ನಿಂತೆ ಎಂದು ಕೇಳಿದೆ.

"ಹೆದರಿಕಿ ರೀ. ಹ್ವಾದ ಐತವಾರ ಬಿಲ್ಡಿಂಗಿನ ಕೆಲಸಕ್ಕ ಕರಕೊಂಡು ಹೋಗಿದ್ದೆ. ಲಿಫ್ಟ್ ಕೂಡ್ಸಾಕ ತೋಡಿದ ಗುಂಡಿ ಕಡೆ ಹೋಗಬ್ಯಾಡ ಅಂದೆ. 'ಗುಂಡಿ ಕಡೆ ಹೋಗಂಗಿಲ್ಲ ಯವ್ವಾ' ಅಂತ ಹೇಳಕೋತನ ಅಲ್ಲಿಗೇ ಹ್ವಾದ್ಲು. ಮೂರು ಸಲ. ನಾಲ್ಕನೇ ಸಲ ನಾ ನೋಡ್ಲಿಲ್ಲಂದ್ರ?"

ಮಾಧುರಿ ಸೋಮವಾರ ಒಪ್ಪಿಸಿದ ಮಗ್ಗಿಯನ್ನು ಮಂಗಳವಾರ ಮರೆಯುತ್ತಿದ್ದಳು. ಯಾರು ಕೇಳಿದರೂ ಕಾಲಿನ ಚಪ್ಪಲಿಯನ್ನೇ ಬಿಚ್ಚಿ ಕೊಡುತ್ತಿದ್ದಳು. ಸೋಮಾರಿಯೆಂದು ನಾನೂ ಗದರಿದ್ದುಂಟು. ಅಂದು ನನಗೆ ಬೇರೆಯೇ ಸಂದೇಹ ಬಂದಿತು. ಡಾಕ್ಟರರು ಕಾಯಿಲೆಯ ಹೆಸರು ಬರೆದುಕೊಟ್ಟರೆ ಅವಳಿಗೆ ಪ್ರತ್ಯೇಕ ಪಾಠದ ವ್ಯವಸ್ಥೆ ಮಾಡಿಸಬಹುದು ಎಂದು ತಿಳಿಸಿ, ತಂದೆ ಗದಿಗೆಪ್ಪನಿಂದ ಒಂದು ವಾರದ ಅವಕಾಶ ಬೇಡಿಕೊಂಡೆ.

ತಾಯಿ ಮಗಳನ್ನು ನಾನು ಆಸ್ಪತ್ರೆಗೆ ಕರೆದೊಯ್ದಾಗ ಗದಿಗೆಪ್ಪನೂ ಅವನ ತಾಯಿ ಸುಂದ್ರವ್ವನೂ ಬಂದರು. ಮುದುಕಿ ಕುಳಿತ ಕೂಡಲೇ ಸೊಸೆಯ ಮೇಲೆ ಹರಿಹಾಯ್ದಳು. "ಇದು ಗ್ರಹಣದ ಪೆಟ್ಟು. ಬಸುರಿದ್ದಾಗ ಗ್ರಹಣದ ದಿನ ಬಾಗಲಾ ಹಾಕಿ ಕುಂಡ್ರಿಸಿದ್ದೆ. ನೀರ ಸೈತ ಕೊಟ್ಟಿದ್ದಿಲ್ಲ. ಈ ಮಾರಾಯ್ತಿ ಕಿಡಕ್ಯಾಗ ಇಣಿಕಿರಬೇಕು!"

ಡಾಕ್ಟರರು ಮರಾಠಿಯಲ್ಲಿ ಕೇಳಿದ ಪ್ರಶ್ನೆಯನ್ನು ನಾನು ಕನ್ನಡದಲ್ಲಿ ಹೇಳಿದೆ. "ಬಸುರಿ ಇದ್ದಾಗ ಶೆರೆ, ಹೆಂಡ ಏನಾದರೂ ಕುಡಿಯುತ್ತಿದ್ದೆಯಾ, ರಾಚವ್ವ?"

"ಏನ್ ಕೇಳ್ತಾರಿವರು!" ಸುಂದ್ರವ್ವ ನಡುವೆ ಬಾಯಿ ಹಾಕಿದಳು. "ನಮ್ಮ ಮನ್ಯಾಗ ಹೆಣ್ಮಕ್ಕಳು ಮುಟ್ಟಂಗಿಲ್ಲ."

ಡಾಕ್ಟರರ ಪೆನ್ನು ನಿಂತಿತು. ನಿಜ ತಿಳಿಯದೆ ಏನನ್ನೂ ಬರೆಯಲಾರೆ ಎಂದರು.

ಗದಿಗೆಪ್ಪ ಎದ್ದುನಿಂತ. "ಏಳ್ರಿ. ಇದು ರೋಗಲ್ಲ, ಮೈಗಳ್ಳತನ. ನಾಳೆ ಇಟ್ಟಂಗಿ ಹೊತ್ರ ಎಲ್ಲಾ ನೆಟ್ಟಗಾಗತದ."

ಮಾಧುರಿ ಆಗಲೇ ತಂದೆಯ ಹಿಂದೆ ಬಾಗಿಲ ತನಕ ಹೋಗಿದ್ದಳು. ರಾಚವ್ವ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ.

"ಕುಡದೀನ್ರಿ," ಎಂದಳು. "ದಿನಾ ಸಂಜಿಕಿ. ಇಟ್ಟಂಗಿ ಹೊತ್ತು ಹೊತ್ತು ಬೆನ್ನು ಹರೀತಿತ್ತು. ಅತ್ತೀನ ಗಿಲಾಸ ತುಂಬಿ ಕೊಡ್ತಿದ್ಲು, ನೋವಿಗಿ ಔಷಧ ಅಂತ. ಹಡಿಯೋ ತನಕಾ ಕುಡದೀನಿ."

ಗದಿಗೆಪ್ಪನ ಕೈ ಮೇಲೆದ್ದಿತು.

"ಹೊಡಿ," ಎಂದಳು ರಾಚವ್ವ. "ಈಕಿ ಗುಂಡ್ಯಾಗ ಬಿದ್ದ ಮ್ಯಾಲ ಯಾರಿಗಿ ಹೊಡೀತಿ?"

ಸುಂದ್ರವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಕೈ ಇಳಿಸೋ. ಕೊಟ್ಟಾಕಿ ನಾನು."

ಗದಿಗೆಪ್ಪ ಹೊರಗೆ ಹೊರಟುಹೋದ. ಡಾಕ್ಟರರು ಮತ್ತಷ್ಟು ಪರೀಕ್ಷೆಗಳನ್ನು ಮಾಡಿಸಿ, ಗರ್ಭದಲ್ಲಿದ್ದಾಗಲೇ ಶೆರೆಯಿಂದ ಮಗುವಿನ ಮಿದುಳಿಗೆ ಪೆಟ್ಟು ಬಿದ್ದಿದೆ, ಅದು ವಾಸಿಯಾಗುವುದಿಲ್ಲ ಎಂದು ಬರೆದರು. ಆದರೆ ಒಂದು ಸಲಕ್ಕೆ ಒಂದೇ ಮಾತು ಹೇಳಿ, ದಿನವೂ ಅದೇ ಕೆಲಸವನ್ನು ಅದೇ ಕ್ರಮದಲ್ಲಿ ಮಾಡಿಸಿರಿ, ಕಲಿಯುತ್ತಾಳೆ ಎಂದರು. ಆ ಕಾಗದ ನೋಡಿದ ಮೇಲೆ ಗದಿಗೆಪ್ಪ ಇಟ್ಟಿಗೆಯ ಮಾತೆತ್ತಲಿಲ್ಲ, ಮಾಧುರಿ ಶಾಲೆಯಲ್ಲೇ ಉಳಿದಳು. ಮೂರು ತಿಂಗಳು ಹೆಂಡತಿಯೊಡನೆಯೂ ಮಾತನಾಡಲಿಲ್ಲ.

ಅದಾಗಿ ಎಂಟು ವರ್ಷಗಳಾದವು. ರಾಚವ್ವ ಗಾರೆ ಕೆಲಸ ಬಿಟ್ಟು, ತಾವಿರುವ ಚಾಳಿನ ಮುಂದೆ ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ಪಕ್ಕದಲ್ಲಿ ಮಾಧುರಿ. "ಹಿಟ್ಟು ತಾ," ಎನ್ನುತ್ತಾಳೆ ತಾಯಿ. ಹಿಟ್ಟು ಬರುವವರೆಗೆ ಎರಡನೆಯ ಮಾತಿಲ್ಲ. ಮಾಧುರಿಗೆ ಗಡಿಯಾರ ನೋಡುವುದು ಇಂದಿಗೂ ಬಾರದು, ರಸ್ತೆ ದಾಟುವಾಗ ತಾಯಿಯ ಕೈ ಬೇಕು. ಅವಳು ಬಡಿದ ರೊಟ್ಟಿಯ ಅಂಚು ಮಾತ್ರ ಎಲ್ಲಿಯೂ ಬಿರಿಯುವುದಿಲ್ಲ.

ಗಾರೆ ಕೆಲಸದ ಹೆಂಗಸರೇ ಹೆಚ್ಚಾಗಿ ಗಿರಾಕಿಗಳು. ಅವರಲ್ಲಿ ಬಸುರಿಯೊಬ್ಬಳು ಕಂಡರೆ ರಾಚವ್ವ ಮಗಳಿಗೆ, "ಒಳಗಿಂದ ಚಟ್ನಿ ತಾ," ಎನ್ನುತ್ತಾಳೆ. ಮಾಧುರಿ ಚಟ್ನಿ ತರುವಷ್ಟರಲ್ಲಿ, ಆ ಬಸುರಿಗೆ ಶೆರೆಯ ಬಗ್ಗೆ ಹೇಳಬೇಕಾದ್ದನ್ನು ತಾಯಿ ಹೇಳಿ ಮುಗಿಸಿರುತ್ತಾಳೆ.