ಒಂದೇ ಬೆರಳು ಹೋಗುವ ಬಾಯಿ

ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಮದುವೆಯ ಊಟದ ನಂತರ ತಟ್ಟೆಯಲ್ಲಿ ಗುಟಕಾ ಪಾಕೀಟು ಇಟ್ಟರೇನೇ ಮರ್ಯಾದೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದ ನಮ್ಮ ಪಕ್ಕದ ಮನೆಯ ಚಾಚಾ ತಮ್ಮ ಮಗಳ ಮದುವೆಯಲ್ಲಿ ಬರೀ ಸೋಂಪು ಇಟ್ಟರು. ಗಂಡಿನ ಸೋದರಮಾವ ಎಲ್ಲರೆದುರು ಕೇಳಿಯೇಬಿಟ್ಟ.

“ಏನ್ರೀ ಬೀಗರ, ಗುಟಕಾ ಇಡಾಕ ಕೈ ಬರಲಿಲ್ಲೇನು?”

ಮಗಳು ಹೋಗಿ ಬಾಳಬೇಕಾದ ಮನೆಯವರು. ಮುನಿಸಿಕೊಂಡರೆ ಅವಳಿಗೇ ಕಷ್ಟ. ಚಾಚಾ ಬಾಯಿ ಆದಷ್ಟು ತೆರೆದು ಒಂದು ಬೆರಳು ಇಟ್ಟು ತೋರಿಸಿದರು.

“ಎರಡನೇದು ಹೋಗಂಗಿಲ್ರಿ. ಹತ್ತು ವರ್ಷ ಗುಟಕಾ ತಿಂದು ಹಿಂಗಾಗೈತಿ. ಇದನ್ನ ನಿಮಗೂ ಕೊಡ್ಲೇನು?”

“ಮಂದಿ ಮುಂದ ತೋರಸಾಕ ನಾಚಿಕಿ ಬರಂಗಿಲ್ಲೇನು?”

“ಬರ್ತೈತ್ರಿ. ಅದಕ್ಕ ತೋರಸಾಕತ್ತೇನಿ.”

ನಾಚಿಕೆ ಮನುಷ್ಯನನ್ನು ಬಗ್ಗಿಸುವ ಕೋಲು, ಅದನ್ನು ಬಿಸಾಕಬೇಕು ಎಂದು ಹಿಂದಿನ ವಾರವಷ್ಟೇ ರಾಣೆಬೆನ್ನೂರಿನ ಚರ್ಚಾಸ್ಪರ್ಧೆಯಲ್ಲಿ ವಾದಿಸಿ ಬಹುಮಾನದ ಢಾಲು ಗೆದ್ದಿದ್ದೆ. ಎದುರಾಳಿಯ ಮಾತಿನಲ್ಲಿ ಸಂದು ಹುಡುಕುವುದು ನನ್ನ ಚಟ. ಚಾಚಾ ಅವರ ಮಾತಿನಲ್ಲೂ ಹುಡುಕಿದೆ, ಸಿಗಲಿಲ್ಲ. ತಮ್ಮ ನಾಚಿಕೆಯನ್ನು ಮುಚ್ಚಿಡದೆ ಇನ್ನೊಬ್ಬರ ಉಪಯೋಗಕ್ಕೆ ಹಚ್ಚಿದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಸೋದರಮಾವ ದನಿ ತಗ್ಗಿಸಿ, “ಕುಂದರ್ರಿ ಬೀಗರ, ನೀವು ಇನ್ನೂ ಉಂಡಿಲ್ಲ,” ಎಂದು ತನ್ನ ಪಕ್ಕದಲ್ಲೇ ಜಾಗ ಮಾಡಿಕೊಟ್ಟ.