ವಿಠ್ಠಲನಿಗೆ ಧಣಿ ಕೊಟ್ಟ ಹೆಸರು

ಸೂರತ್ತಿನ ಕತಾರ್‌ಗಾಮ್‌ನಲ್ಲಿ ಪದ್ಮನಾಭ ಶೆಟ್ಟರ ಹೋಟೆಲು ನಡೆಯುತ್ತಿದ್ದದ್ದು ವಿಠ್ಠಲನ ಕೈಯಿಂದ. ಶೆಟ್ಟರು ಮಾತ್ರ ಅದು ತಮ್ಮ ಗಲ್ಲಾದಿಂದ ನಡೆಯುತ್ತದೆ ಎಂದೇ ನಂಬಿದ್ದರು. ವಜ್ರ ಉಜ್ಜುವ ಕಾರ್ಖಾನೆಯವರು ಬೆಳಿಗ್ಗೆ ಬಂದು ಕೇಳುತ್ತಿದ್ದದ್ದು ಅವನ ದೋಸೆಯನ್ನು. ಅವನು ಜ್ವರ ಬಂದು ಮಲಗಿದ ದಿನ ಅರ್ಧ ಜನ ಬರೀ ಚಾ ಕುಡಿದು ಎದ್ದು ಹೋಗುತ್ತಿದ್ದರು.

ದೀಪಾವಳಿಗೆ ಕಾರ್ಖಾನೆಗಳೆಲ್ಲ ಮುಚ್ಚಿ ಕೆಲಸಗಾರರು ತಮ್ಮ ಸೀಮೆಯಾದ ಕಾಠಿಯಾವಾಡಕ್ಕೆ ಹೊರಟರೆ ಹೋಟೆಲಿಗೂ ಬೀಗ. ಆ ತಿಂಗಳು ಸಂಬಳವಿಲ್ಲ. ಕರಾವಳಿಯ ಊರಿಗೆಂದು ಹೊರಟ ಅಡುಗೆಯವರು ದಾರಿಯಲ್ಲಿ ಮುಂಬಯಿಯಲ್ಲೇ ಇಳಿದು ಬೇರೆ ಕೆಲಸ ಹಿಡಿಯುತ್ತಿದ್ದರು. ಹಿಡಿಯದೆ ಏನು ಮಾಡಬೇಕು, ತಿಂಗಳಿಡೀ ಗಾಳಿ ತಿನ್ನಬೇಕೆ? ರಜೆಗೂ ಅರ್ಧ ಸಂಬಳ ಕೊಡಿ, ಎಲ್ಲರೂ ತಿರುಗಿ ಬರುತ್ತಾರೆ ಎಂದು ಹೆಂಡತಿ ಸರಸ್ವತಿ ಹೇಳಿದರೆ ಅದು ಶೆಟ್ಟರ ಕಿವಿಗೇ ಬೀಳುತ್ತಿರಲಿಲ್ಲ. ಆಳನ್ನು ಉಳಿಸಿಕೊಳ್ಳುವ ಅವರ ಉಪಾಯವೇ ಬೇರೆ.

೨೦೦೩ರಲ್ಲಿ ವಿಠ್ಠಲನಿಗೆ ಕುಂದಾಪುರದ ಕಡೆಯಿಂದ ಸಂಬಂಧ ಬಂತು. ಹುಡುಗಿಯ ತಂದೆ ರಾಮಕೃಷ್ಣ, ನಮ್ಮವರೆಲ್ಲ ಮಾಡುವಂತೆ, ಹುಡುಗನ ಧಣಿಗೆ ಫೋನು ಮಾಡಿ ವಿಚಾರಿಸಿದರು. ಮದುವೆಯಾದರೆ ಇವನು ಊರಿನಲ್ಲೇ ನಿಂತಾನು ಎಂದು ಹೆದರಿದ ಶೆಟ್ಟರು ದನಿ ತಗ್ಗಿಸಿ, "ಹುಡುಗ ಒಳ್ಳೆಯವನೇ. ಸ್ವಲ್ಪ ಕುಡೀತಾನೆ, ಅಷ್ಟೆ" ಎಂದುಬಿಟ್ಟರು. ಪಾನನಿಷೇಧದ ಗುಜರಾತಿನಲ್ಲಿ ಕೂತು, ಸೋಡಾ ಬಿಟ್ಟು ಬೇರೇನನ್ನೂ ಮುಟ್ಟದವನ ಮೇಲೆ ಈ ಮಾತು! ಅಂಥ ನಾಲಿಗೆಗೆ ಹುಳ ಬೀಳಬೇಕು.

ರಜೆಯಲ್ಲಿ ಊರಿಗೆ ಹೋದಾಗ ರಾಮಕೃಷ್ಣರೇ ವಿಠ್ಠಲನಿಗೆ ವಿಷಯ ಹೇಳಿದರು. ಅವನು ಆಣೆ ಪ್ರಮಾಣ ಮಾಡಿದ. "ಸುಳ್ಳು ಅಂತ ಆ ಹೋಟೆಲಿನವರೇ ಹೇಳಲಿ, ಹುಡುಗಿ ಕೊಡ್ತೇನೆ" ಎಂದರು ಅವರು.

ಹೋಟೆಲು ಮತ್ತೆ ತೆರೆದ ದಿನ, ಜನ ಕಿಕ್ಕಿರಿದಿರುವಾಗಲೇ, ವಿಠ್ಠಲ ಗಲ್ಲಾದ ಮುಂದೆ ನಿಂತ.

"ಫೋನು ಮಾಡಿ. ನಾನು ಕುಡಿಯುವುದಿಲ್ಲ ಅಂತ ಈಗಲೇ ಹೇಳಿ."

ಶೆಟ್ಟರಿಗೆ ನಾಚಿಕೆಯೂ ಆಗಲಿಲ್ಲ. "ಎಂತ ಅವಸರ ಮಾರಾಯಾ? ಸೀಸನ್ ಮುಗೀಲಿ, ಹೇಳುವ. ಮೊದಲು ದೋಸೆ ಹೊಯ್ಯಿ."

ಒಳಗಿನಿಂದ ಬಂದ ಸರಸ್ವತಿ ಗಂಡನ ಮುಂದಿದ್ದ ಫೋನನ್ನು ಎಳೆದುಕೊಂಡು, ವಿಠ್ಠಲನಿಂದ ನಂಬರು ಕೇಳಿ ಒತ್ತಿದರು. "ರಾಮಕೃಷ್ಣಣ್ಣಾ, ನಾನು ಶೆಟ್ಟರ ಹೆಂಡತಿ. ಹುಡುಗ ಕುಡಿಯುವುದಿಲ್ಲ. ಇವರು ಹೇಳಿದ್ದು ಹಸಿ ಸುಳ್ಳು. ಅವ ಕೆಲಸ ಬಿಡ್ತಾನೆ ಅಂತ ಹೆದರಿ ಹೇಳಿದ್ದು."

ಫೋನು ಇಟ್ಟು ವಿಠ್ಠಲನ ಕಡೆ ತಿರುಗಿದರು. "ಹೋಗು ಮಾರಾಯಾ. ಇಲ್ಲಿ ಇನ್ನು ಒಂದು ಗಳಿಗೆ ನಿಲ್ಲಬೇಡ."

ಶೆಟ್ಟರು ದಡಬಡಿಸಿ ಎದ್ದರು. "ಇವ ಹೋದ್ರೆ ದೋಸೆ ಯಾರು ಹೊಯ್ಯುವುದು?"

"ನೀವು" ಎಂದು ಸರಸ್ವತಿ ಹಿಟ್ಟಿನ ಸೌಟನ್ನು ತಂದು ಗಲ್ಲಾದ ಮೇಲೆ ಕುಕ್ಕಿದರು.